ಕೈಬಿಟ್ಟ ಚೆಂಡು ಎತ್ತ ಹೋಗುತ್ತದೆ?

ಭೂಮಿಯ ಗುರುತ್ವ ವಸ್ತುಗಳನ್ನು ಕೆಳಕ್ಕೆ ಎಳೆಯುತ್ತದೆ ಎಂಬುದನ್ನು ಆಧಾರ ಕೊಟ್ಟು ವಾದಿಸಬೇಕು. 2013ರಲ್ಲಿ ಬಂದ, ಅಮೆರಿಕದ ಅನೇಕ ರಾಜ್ಯಗಳು ಒಪ್ಪಿಕೊಂಡ ವಿಜ್ಞಾನ ಕಲಿಕಾ ಮಾನದಂಡಗಳು ಐದನೇ ತರಗತಿಯವರಿಂದ ಕೇಳುವುದು ಇಷ್ಟು. ಮಾತು ಬಾರದ, ಅಕ್ಷರ ಓದಲಾಗದ, ತೀವ್ರ ಬೌದ್ಧಿಕ ಅಂಗವೈಕಲ್ಯವಿರುವ ಮಗುವಿಗೆ ಇದನ್ನೇ ಹೇಗೆ ಕೇಳುವುದು?

ಇಂಥ ಮಕ್ಕಳಿಗೆಂದೇ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಡೈನಾಮಿಕ್ ಲರ್ನಿಂಗ್ ಮ್ಯಾಪ್ಸ್’ ಎಂಬ ಬದಲಿ ಪರೀಕ್ಷೆ ಇದನ್ನು ಮೂರು ಹಂತ ಮಾಡಿದೆ. ಕೈಬಿಟ್ಟ ವಸ್ತು ಎತ್ತ ಹೋಗುತ್ತದೆಂದು ಗುರುತಿಸುವುದು, ಬಿಡುವ ಮುಂಚೆಯೇ ಊಹಿಸುವುದು, ಆ ಬಲ ಕೆಳಮುಖವಾದದ್ದೆಂದು ಮಾಡಿ ತೋರಿಸುವುದು. ನನಗೆ ಹಿಡಿಸಿದ್ದು ನಡುವಿನ ಹಂತ. ಇನ್ನೂ ಆಗದ್ದನ್ನು ಊಹಿಸುವ ಮಗು ವಿಜ್ಞಾನದ ಕೆಲಸ ಶುರುಮಾಡಿಬಿಟ್ಟಿದೆ.

ಇಂಥ ಮಕ್ಕಳನ್ನೂ ರಾಜ್ಯಮಟ್ಟದ ಪರೀಕ್ಷೆಗಳಲ್ಲಿ ಸೇರಿಸಿಕೊಳ್ಳಬೇಕೆಂದು ಅಲ್ಲಿ 1997ರ ಕಾನೂನು ಹೇಳಿತು. ವಿಜ್ಞಾನದ ಸರದಿ ಬಂದದ್ದು 2007-08ರಲ್ಲಿ. ಮೊದಮೊದಲು ಹಲವೆಡೆ ಶಿಕ್ಷಕರು ವರ್ಷವಿಡೀ ಮಗುವಿನ ಕೆಲಸದ ಮಾದರಿ, ಫೋಟೊಗಳನ್ನು ಕಡತದಲ್ಲಿ ಜೋಡಿಸಿ ಕಳಿಸುತ್ತಿದ್ದರು. ಅಂಕ ಮಗುವಿಗೋ, ಕಡತ ಜೋಡಿಸಿದವರಿಗೋ ಎಂಬ ತಕರಾರು ಎದ್ದಿತು. ಏಳಬೇಕಾದದ್ದೇ.

ಈಗ ಸಾಮಾನ್ಯವಾಗಿ ಒಬ್ಬ ಶಿಕ್ಷಕರು ಒಂದೇ ಮಗುವಿನ ಎದುರು ಕೂತು ಪರೀಕ್ಷೆ ನಡೆಸುತ್ತಾರೆ. ಮಗು ಬೆರಳು ತೋರಿಸಬಹುದು, ಗುಂಡಿ ಒತ್ತಬಹುದು, ಚಿತ್ರವೊಂದರ ಮೇಲೆ ಕಣ್ಣು ನೆಟ್ಟರೂ ಅದು ಉತ್ತರವೇ. ಪ್ರಶ್ನೆಯನ್ನು ಸುಲಭ ಮಾಡುವುದು ಅಂಥ ಕಷ್ಟವಲ್ಲ. ಉತ್ತರವನ್ನು ನಂಬುವುದು ಕಷ್ಟ. ಮೂರು ಚಿತ್ರಗಳಿಟ್ಟರೆ ಸುಮ್ಮನೆ ಆರಿಸಿದರೂ ಸರಾಸರಿ ಮೂರಕ್ಕೊಂದು ಸರಿಯಾಗುತ್ತದೆ. ಸದಾ ಬಲಗಡೆಗೇ ನೋಡುವ ಮಗುವಿರುತ್ತದೆ. ಸರಿಯುತ್ತರದ ಜಾಗ ಬದಲಾಗುತ್ತಿರಬೇಕು. ಶಿಕ್ಷಕರ ನೋಟ ಅರೆಕ್ಷಣ ಸರಿಯುತ್ತರದ ಕಡೆ ಹೊರಳಿದರೂ ಸುಳಿವು ಸಿಕ್ಕಿಬಿಡುತ್ತದೆ. ಚಿತ್ರ ಸರಿಯಾಗಿ ಕಾಣದೆ ತಪ್ಪಿದರೆ ಆ ತಪ್ಪು ದೃಷ್ಟಿಯದು, ಗುರುತ್ವದ ತಿಳಿವಳಿಕೆಯದಲ್ಲ. ಕಾಗದದ ಮೇಲೆ ಎರಡಕ್ಕೂ ಸೊನ್ನೆಯೇ.

ಶಾಲೆಗಳು ಕಲಿಕೆಯಲ್ಲಿ ಹಿಂದುಳಿದವರನ್ನೆಲ್ಲ ಈ ಸುಲಭದ ಬದಲಿ ಪರೀಕ್ಷೆಗೆ ದಬ್ಬಿ ಫಲಿತಾಂಶ ಚಂದ ಮಾಡಿಕೊಳ್ಳಬಾರದಲ್ಲ! 2015ರ ಕಾನೂನಿನ ಪ್ರಕಾರ, ರಾಜ್ಯದಲ್ಲಿ ಒಂದು ವಿಷಯದ ಪರೀಕ್ಷೆ ಬರೆಯುವವರಲ್ಲಿ ಶೇ. 1ಕ್ಕಿಂತ ಹೆಚ್ಚು ಮಂದಿ ಇದರಲ್ಲಿರುವಂತಿಲ್ಲ. ಮೀರಬೇಕಾದರೆ ರಾಜ್ಯ ವಿಶೇಷ ವಿನಾಯಿತಿ ಕೇಳಬೇಕು.

ಆ ಶೇ. 1ರೊಳಗೂ, ಹೌದು-ಇಲ್ಲಗಳನ್ನು ಪ್ರತಿಸಲ ಒಂದೇ ರೀತಿ ತಿಳಿಸುವ ದಾರಿ ಇನ್ನೂ ಸಿಗದ ಮಕ್ಕಳಿದ್ದಾರೆ. ಅವರ ಮೌನದಿಂದ ಗುರುತ್ವದ ಬಗ್ಗೆ ಏನನ್ನೂ ತೀರ್ಮಾನಿಸಲಾಗದು. ಅವರಿಗೆ ಮೊದಲು ಬೇಕಾದದ್ದು ಒತ್ತಲು ಬರುವ ಒಂದು ಗುಂಡಿ, ಅದನ್ನು ಕಲಿಸುವಷ್ಟು ಸಮಯ.