ಬಾಣಂತಿಯ ಕಿವಿಗೆ ಹತ್ತಿ ಇಟ್ಟೆವು, ಅವಳ ಮಾತಿಗೆ ಯಾರ ಕಿವಿ?

ನನ್ನ ಬಾಣಂತನದಲ್ಲಿ ಅಮ್ಮ ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಬೆಳಗಾದರೆ ಮೈತುಂಬ ಎಣ್ಣೆ, ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಶೀತ ಆಗಬಾರದು ಅಂತ ಎರಡೂ ಕಿವಿಗೆ ಹತ್ತಿ, ಅದರ ಮೇಲೊಂದು ಸ್ಕಾರ್ಫ್. ಆದರೂ ನಾಲ್ಕನೇ ದಿನ ಮಧ್ಯಾಹ್ನ ಸುಮ್ನೆ ಅಳು ಬಂತು. ನಿಲ್ಲಲೇ ಇಲ್ಲ. "ಬಾಣಂತಿ ಅಳಬಾರದು ಕಣೇ" ಅಂದಳು ಅಮ್ಮ. ಅವಳಿಗೂ ಭಯ. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಆ ಅಳುವಿಗೆ ಕಾರಣ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ದಿನ ಕಳೆದ ಮೇಲೆ. ಬಸುರಿಯ ರಕ್ತದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ತುಂಬಾ ಮೇಲೇರಿರುತ್ತವೆ. ಅವನ್ನು ತಯಾರಿಸುತ್ತಿದ್ದ ಮಾಸು ಹೊರಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಅವು ಕುಸಿದುಬಿಡುತ್ತವೆ. ಜೊತೆಗೆ ಹೊಲಿಗೆಯ ನೋವು, ಹಾಲು ಕಟ್ಟಿದ ಎದೆ, ತುಂಡು ತುಂಡು ನಿದ್ದೆ. ಹೆತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರಿಗೆ ಮೊದಲ ವಾರದಲ್ಲಿ ಹೀಗೆ ಅಳು ಬರುತ್ತದೆ. ವೈದ್ಯರು ಇದಕ್ಕೆ ಬೇಬಿ ಬ್ಲೂಸ್ ಅನ್ನುತ್ತಾರೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ.

ಹೋಗದಿದ್ದರೆ? ಅಲ್ಲಿಂದ ಮುಂದೆ ನಮ್ಮ ಭಾಷೆಯಲ್ಲೇ ಒಂದು ಕೊರತೆ ಇದೆ. "ಬಾಣಂತಿ ಸನ್ನಿ" ಅನ್ನುವ ಮಾತು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆಯೇ ಇಲ್ಲದೆ, ಸಂಬಂಧವಿಲ್ಲದ ಮಾತಾಡುತ್ತಾ, ಎಲ್ಲರನ್ನೂ ಅನುಮಾನಿಸುವ ಸ್ಥಿತಿ ಅದು. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಅದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಕಾಯಿಲೆ, ಚಿಕಿತ್ಸೆಯಿಂದ ಚೆನ್ನಾಗಿ ವಾಸಿಯಾಗುತ್ತದೆ. ಆದರೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೆಂಗಸರಿಗೆ ಬರುವ ಸದ್ದಿಲ್ಲದ ಖಿನ್ನತೆಗೆ ನಮ್ಮ ಅಜ್ಜಿಯರ ಬಾಯಲ್ಲಿ ಒಂದು ಹೆಸರಿಲ್ಲ. ಹೆಸರಿಲ್ಲದ್ದು ಕಣ್ಣಿಗೂ ಬೀಳುವುದಿಲ್ಲ.

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ 20,000ಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2017ರಲ್ಲಿ ಬಂತು. ಹೆರಿಗೆಯ ನಂತರದ ಖಿನ್ನತೆ ಶೇಕಡಾ 22ರಷ್ಟು ತಾಯಂದಿರಲ್ಲಿದೆ ಎಂದು ಅದು ಹೇಳಿತು. ಹೆಚ್ಚುಕಮ್ಮಿ ಐವರಲ್ಲಿ ಒಬ್ಬಳು. ಇವಳು ಮಗುವಿಗೆ ಹಾಲು ಕೊಡುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬಂದವರಿಗೆ ಕಾಫಿ ಕೊಡುತ್ತಾಳೆ. ಒಳಗೆ ಮಾತ್ರ ಯಾವುದರಲ್ಲೂ ರುಚಿ ಇಲ್ಲ. ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲ. "ನಾನು ಒಳ್ಳೆ ತಾಯಿ ಅಲ್ಲ" ಅನ್ನುವ ಒಂದೇ ಯೋಚನೆ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ.

ಇನ್ನೊಂದು ಮಾತು. ಬಸುರಿ, ಬಾಣಂತಿ ಅಂತ ನಮ್ಮಲ್ಲಿ ಚಂದದ ಪದಗಳಿವೆ. ಐದನೇ ತಿಂಗಳಲ್ಲಿ ತೊಟ್ಟಿಲು, ಗಂಟುಮೂಟೆ ಸಮೇತ ಗಂಡನ ಮನೆಗೆ ಹೊರಟ ದಿನವೇ ಆ ಪದ ಮುಗಿಯುತ್ತದೆ. ಆಮೇಲೆ ಅವಳಿಗೆ ಯಾವ ಹೆಸರೂ ಇಲ್ಲ, ವಿಶೇಷ ಆರೈಕೆಯೂ ಇಲ್ಲ. ಆದರೆ ಅವಳೊಳಗಿನ ಬದಲಾವಣೆ ಐದು ತಿಂಗಳಿಗೆ ಮುಗಿಯುವುದಿಲ್ಲ.

ಇದನ್ನು ಮಿದುಳಿನ ಚಿತ್ರಗಳೇ ತೋರಿಸಿವೆ. ಸ್ಪೇನ್ ಮತ್ತು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 25 ಹೆಂಗಸರ ಮಿದುಳನ್ನು ಮೊದಲ ಬಾರಿ ಬಸುರಾಗುವ ಮುಂಚೆಯೂ ಹೆರಿಗೆಯ ನಂತರವೂ ಸ್ಕ್ಯಾನ್ ಮಾಡಿ 2016ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆಯವರ ಮನಸ್ಸನ್ನು, ಬೇಕು ಬೇಡಗಳನ್ನು ಊಹಿಸುವ ಭಾಗಗಳಲ್ಲಿ ಬೂದು ದ್ರವ್ಯ, ಅಂದರೆ ನರಕೋಶಗಳು ತುಂಬಿರುವ ಪದರ, ಕಡಿಮೆಯಾಗಿತ್ತು. ಎರಡು ವರ್ಷದ ನಂತರ ಕೆಲವರನ್ನು ಮತ್ತೆ ನೋಡಿದಾಗಲೂ ಆ ಬದಲಾವಣೆ ಬಹುಮಟ್ಟಿಗೆ ಹಾಗೇ ಇತ್ತು. ಕಡಿಮೆಯಾಗಿತ್ತು ಅಂದರೆ ಗಾಬರಿ ಬೇಡ. ನೆನಪಿನ ಪರೀಕ್ಷೆಗಳಲ್ಲಿ ಈ ತಾಯಂದಿರು ಹಿಂದೆ ಬಿದ್ದಿರಲಿಲ್ಲ. ಬದಲಾವಣೆ ಜಾಸ್ತಿ ಆದವರಲ್ಲಿ ಮಗುವಿನ ಜೊತೆಗಿನ ನಂಟೂ ಗಟ್ಟಿಯಾಗಿ ಕಂಡಿತ್ತು. ಹದಿಹರೆಯದಲ್ಲೂ ಮಿದುಳು ಹೀಗೇ ತೆಳುವಾಗುತ್ತದೆ. ಕಾಫಿ ಗಿಡದ ರೆಂಬೆ ಸವರಿದ ಹಾಗೆ, ಮುಂದಿನ ಫಸಲಿಗಾಗಿ ನಡೆಯುವ ಸವರುವಿಕೆ ಅದು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಅಮೆರಿಕದ ಎಲಿಜಬೆತ್ ಕ್ರಾಸ್ಟಿಲ್ ಎಂಬ ನರವಿಜ್ಞಾನಿ ತಮ್ಮ ಮಿದುಳನ್ನೇ ಸಂಶೋಧನೆಗೆ ಒಡ್ಡಿದರು. ಬಸುರಾಗುವ ಮುಂಚಿನಿಂದ ಮಗುವಿಗೆ ಎರಡು ವರ್ಷ ಆಗುವವರೆಗೆ 26 ಸಲ ಸ್ಕ್ಯಾನ್! ಬದಲಾವಣೆ ಹಂತ ಹಂತವಾಗಿ ನಡೆಯುವುದು 2024ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಕಂಡಿತು.

ಮಾನವಶಾಸ್ತ್ರಜ್ಞೆ ಡೇನಾ ರಫೆಲ್ 1973ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದರು, ಮ್ಯಾಟ್ರೆಸೆನ್ಸ್ ಅಂತ. ಹುಡುಗಿ ಹೆಂಗಸಾಗಲು ವರ್ಷಗಳು ಹಿಡಿಯುವಂತೆ ಹೆಂಗಸು ತಾಯಿಯಾಗಲೂ ಕಾಲ ಹಿಡಿಯುತ್ತದೆ ಅನ್ನುವುದು ಅವರ ಮಾತಿನ ತಿರುಳು. ಹದಿನಾಲ್ಕರ ಹುಡುಗಿ ಸಿಡುಕಿದರೆ "ವಯಸ್ಸು, ಸರಿ ಹೋಗುತ್ತೆ" ಅನ್ನುತ್ತೇವೆ. ಒಂದೂವರೆ ವರ್ಷದ ಮಗುವಿನ ತಾಯಿ ಸಿಡುಕಿದರೆ ಹಾಗೆ ಅನ್ನುವುದಿಲ್ಲ, ಅಲ್ವಾ?

ಹಾಗಾದರೆ ಅವಳಿಗೆ ಬೇಕಾದದ್ದು ಏನು? ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟ ಉತ್ತರ ಬಂದದ್ದು ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಿಂದ. ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಸಂಗಡಿಗರು ಖಿನ್ನತೆಯಲ್ಲಿದ್ದ 903 ಬಸುರಿಯರನ್ನು ಆರಿಸಿಕೊಂಡರು. ಅಲ್ಲಿ ಮನೋವೈದ್ಯರು ಎಲ್ಲಿಂದ ಬರಬೇಕು? ನಮ್ಮ ಆಶಾ ಕಾರ್ಯಕರ್ತೆಯರಂಥ ಊರಿನ ಹೆಂಗಸರಿಗೇ ಕೆಲವು ದಿನ ತರಬೇತಿ ಕೊಟ್ಟರು. ಅವರು ಬಸುರಿನ ಕೊನೆಯ ತಿಂಗಳಿಂದ ಶುರುಮಾಡಿ ಒಟ್ಟು 16 ಸಲ ಮನೆಗೆ ಹೋಗಿ ಕೂತು ಮಾತಾಡಿದರು. ಮೊದಲ ಕೆಲಸ ಕೇಳಿಸಿಕೊಳ್ಳುವುದು. ಆಮೇಲೆ, ತನ್ನನ್ನೇ ಹಳಿದುಕೊಳ್ಳುವ ಯೋಚನೆ ಬಂದಾಗ ಅದನ್ನು ಗುರುತಿಸುವುದು, ಅದರ ಜಾಗದಲ್ಲಿ ಇನ್ನೊಂದು ಯೋಚನೆ ಇಟ್ಟು ನೋಡುವುದು, ಮುಂದಿನ ಭೇಟಿಯೊಳಗೆ ಒಂದು ಸಣ್ಣ ಕೆಲಸ ಮಾಡುವುದು. "ಖಿನ್ನತೆ" ಅಂದರೆ ಮನೆಯವರು ಬಾಗಿಲು ಹಾಕಿಬಿಡುತ್ತಾರಲ್ಲ, ಅದಕ್ಕೆ ಮಗುವಿನ ಆರೋಗ್ಯದ ಮಾತಾಗಿಯೇ ಇದನ್ನು ಶುರುಮಾಡಿದರು. ಅತ್ತೆಯನ್ನೂ ಜೊತೆಗೆ ಸೇರಿಸಿಕೊಂಡರು. ಎಂಥ ಒಳ್ಳೆ ಉಪಾಯ!

ಮಗುವಿಗೆ ಆರು ತಿಂಗಳಾದಾಗ ಈ ಭೇಟಿಗಳು ಸಿಕ್ಕ ತಾಯಂದಿರಲ್ಲಿ ಶೇಕಡಾ 23ರಷ್ಟು ಮಂದಿ ಮಾತ್ರ ಖಿನ್ನತೆಯಲ್ಲಿ ಉಳಿದಿದ್ದರು. ಮನೆಗೆ ಅಷ್ಟೇ ಸಲ ಬಂದರೂ ಈ ತರಬೇತಿ ಇಲ್ಲದವರ ಭೇಟಿ ಸಿಕ್ಕ ಗುಂಪಿನಲ್ಲಿ ಅದು ಶೇಕಡಾ 53. ಮಕ್ಕಳಲ್ಲಿ ಭೇದಿಯೂ ಕಮ್ಮಿಯಾಯಿತು, ಲಸಿಕೆ ಹಾಕಿಸಿದ್ದೂ ಹೆಚ್ಚಾಯಿತು. ಇದು 2008ರ ಮಾತು. ಮುಂದೆ ಗೋವಾದಲ್ಲಿ ಊರಿನ ಸಾಮಾನ್ಯ ತಾಯಂದಿರಿಗೇ ಈ ಕೆಲಸ ಕಲಿಸಿ ನೋಡಿದರು. ಫಲ ಅಷ್ಟು ದೊಡ್ಡದಾಗಿರಲಿಲ್ಲ, ಆದರೂ ಆರು ತಿಂಗಳ ಹೊತ್ತಿಗೆ ಚೇತರಿಸಿಕೊಂಡವರು ಹೆಚ್ಚಿದ್ದರು.

ಇದನ್ನು ಓದಿದಾಗ ನೆನಪಾಗಿದ್ದು ನಮ್ಮ ಎದುರು ಮನೆ ಅಜ್ಜಿ. ಮಧ್ಯಾಹ್ನ ಮೂರಕ್ಕೆ ಬರೋರು. ಮಗುವನ್ನು ಕಾಲ ಮೇಲೆ ಹಾಕಿಕೊಂಡು "ಮಲಗ್ತೀಯೋ ಮಾತಾಡ್ತೀಯೋ ತಾಯಿ?" ಅನ್ನೋರು. ಬುದ್ಧಿ ಹೇಳಲಿಲ್ಲ, ತಮ್ಮ ಕಾಲದ ಕಷ್ಟ ಹೇಳಿ ನನ್ನದನ್ನು ಸಣ್ಣದು ಮಾಡಲಿಲ್ಲ. ಮೊದಲ ಎರಡು ದಿನ ಮಲಗಿದೆ. ಮೂರನೇ ದಿನ ಕಿವಿಯ ಹತ್ತಿ ತೆಗೆದು ಮಾತಾಡಿದೆ.

ಒಳ್ಳೆ ತಾಯಿ ಅಲ್ಲ ಅನ್ನುವ ಕೊರಗಿಗೂ ವಿಜ್ಞಾನದಲ್ಲಿ ಮದ್ದಿದೆ. ಎಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ತಾಯಿ ಮಗುವಿನ ಮುಖಾಮುಖಿ ಆಟವನ್ನು ಗಳಿಗೆ ಗಳಿಗೆಯಾಗಿ ಗಮನಿಸಿದರು. ಆರೋಗ್ಯವಾಗಿರುವ ಜೋಡಿಗಳಲ್ಲೂ ಇಬ್ಬರ ಭಾವ ಹೊಂದಿಕೊಂಡಿದ್ದದ್ದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಸಮಯ ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಮಾಡಿಕೊಳ್ಳುವುದು. ಸರಿಮಾಡಿಕೊಳ್ಳುವುದರಿಂದಲೇ ಮಗು ಕಲಿಯುತ್ತದೆ. ಸಿಟ್ಟಿನಲ್ಲಿ ಕೂಗಿ, ಹತ್ತು ನಿಮಿಷದ ಮೇಲೆ ಎತ್ತಿ ತಬ್ಬಿಕೊಂಡ ಅಮ್ಮ ಸೋತವಳಲ್ಲ.

ಗಂಡಸರ ಮಾತನ್ನೂ ಹೇಳಬೇಕು. ಇಸ್ರೇಲಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗುವಿನ ಆರೈಕೆಯನ್ನು ಪೂರ್ತಿ ತಾವೇ ಮಾಡುತ್ತಿದ್ದ ಅಪ್ಪಂದಿರ ಮಿದುಳು ಮಗುವಿಗೆ ಸ್ಪಂದಿಸುವ ರೀತಿ ತಾಯಂದಿರದ್ದಕ್ಕೆ ಹತ್ತಿರವಾಗಿತ್ತು. ಹೆರದಿದ್ದರೂ, ಮಾಡುತ್ತಾ ಮಾಡುತ್ತಾ ಮಿದುಳು ಕಲಿಯುತ್ತದೆ. "ನನಗೆ ಮಗು ಎತ್ತೋಕೆ ಬರಲ್ಲ" ಅನ್ನುವ ಅಪ್ಪಂದಿರು ದಯವಿಟ್ಟು ಇವತ್ತೇ ಎತ್ತಿ. ಹಾಲು ಕುಡಿದಾದ ಮೇಲೆ ಮಗುವನ್ನು ನೀವಿಟ್ಟುಕೊಂಡು, ಅವಳಿಗೆ ನಾಲ್ಕು ಗಂಟೆ ಎಡೆಬಿಡದ ನಿದ್ದೆ ಕೊಡಿ.

ಬೇಸರ ಎರಡು ವಾರ ದಾಟಿದರೆ ಆಸ್ಪತ್ರೆಯಲ್ಲಿ ಹೇಳಿಕೊಳ್ಳಿ. ಈ ಖಿನ್ನತೆಯನ್ನು ಗುರುತಿಸಲು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತಯಾರಾಗಿ 1987ರಲ್ಲಿ ಪ್ರಕಟವಾದ 10 ಪ್ರಶ್ನೆಗಳ ಒಂದು ಪಟ್ಟಿ ಇದೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದಿರಿ ಅಂತ ಕೇಳುತ್ತದೆ. ಸ್ಥಿತಿ ಗಂಭೀರವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಬದುಕೇ ಬೇಡ ಅನ್ನಿಸಿದರೆ ಒಂದು ಗಂಟೆಯೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಬೇಕಿಲ್ಲ, ನಡುರಾತ್ರಿಯಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.