ಕಾಣುವ ಕಣ್ಣಿನಲ್ಲೂ ಸೊರಗುವ ನರಕೋಶ

ಬೇಸಿಗೆ ಬಂತೆಂದರೆ ವಿಜಯಪುರದಲ್ಲಿ ನಮ್ಮ ಕಣ್ಣಿನ ತಪಾಸಣಾ ಕೊಠಡಿಯ ಮುಂದೆ ಕಣ್ಣುಜ್ಜಿಕೊಳ್ಳುವ ಮಕ್ಕಳ ಸಾಲು. ಬಿಸಿಲು, ಧೂಳು, ಅಲರ್ಜಿ. ಹಲವರು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಂಡಿರುತ್ತಾರೆ. ಅಂಥ ಒಬ್ಬ ಹೈಸ್ಕೂಲು ಹುಡುಗ ಫಲಕದ ಕೊನೆಯ ಸಾಲನ್ನೂ ಸರಾಗವಾಗಿ ಓದಿದ. ಸ್ಟೀರಾಯ್ಡ್ ಹನಿ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡವನ್ನು ಏರಿಸುತ್ತದೆ. ಅವನ ಕಣ್ಣಿನ ಒತ್ತಡ ಅಳೆದರೆ 38. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ‘ಎಲ್ಲ ಕಾಣುತ್ತದಲ್ಲ, ಮತ್ತೇನು ತೊಂದರೆ?’ ಎಂದರು ಅವನ ತಂದೆ.

ತೊಂದರೆ ಇರುವುದು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ಒಳಪದರದಲ್ಲಿ. ಬೆಳಕನ್ನು ಹಿಡಿಯುವ ಕೋಶಗಳು ಇಷ್ಟು ಒತ್ತಡಕ್ಕೆ ಸುಲಭದಲ್ಲಿ ಜಗ್ಗುವುದಿಲ್ಲ. ಪೆಟ್ಟು ಬೀಳುವುದು ಅವುಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಗ್ಯಾಂಗ್ಲಿಯನ್ ಕೋಶಗಳಿಗೆ. ಅವುಗಳ ಸುಮಾರು 10 ಲಕ್ಷ ಎಳೆಗಳು ಕಣ್ಣಿನ ಹಿಂಬದಿಯಲ್ಲಿ ಜರಡಿಯಂಥ ಒಂದು ಪದರದ ಮೂಲಕ ಹೊರಬೀಳುತ್ತವೆ. ಒತ್ತಡ ಏರಿದಾಗ ಆ ಜರಡಿ ಹಿಂದಕ್ಕೆ ಬಾಗಿ ಎಳೆಗಳನ್ನು ಹಿಸುಕುತ್ತದೆ. ಕೋಶವನ್ನು ಬದುಕಿಸುವ ಪ್ರೋಟೀನುಗಳು ಮಿದುಳಿನ ಕಡೆಯಿಂದ ಇದೇ ಎಳೆಗಳಲ್ಲಿ ಬರಬೇಕು. ಅವು ನಡುದಾರಿಯಲ್ಲೇ ನಿಲ್ಲುತ್ತವೆ. ಜೊತೆಗೆ ರಕ್ತವೂ ಹೆಚ್ಚಿದ ಒತ್ತಡವನ್ನು ಮೀರಿ ಒಳನುಗ್ಗಬೇಕಾಗುತ್ತದೆ. ಹೀಗೆ ಕಣ್ಣಿನ ನರ ಕೆಡುವ ಕಾಯಿಲೆಯೇ ಗ್ಲಾಕೋಮಾ.

ಕೋಶ ಒಮ್ಮೆಲೇ ಸಾಯುವುದಿಲ್ಲ, ಮೊದಲು ಸೊರಗುತ್ತದೆ. ನನಗೆ ಮುಖ್ಯವೆನಿಸುವುದು ಈ ನಡುಗಾಲವೇ. ಪರದೆಯ ಮೇಲೆ ಕಪ್ಪುಬಿಳುಪು ಚೌಕಗಳನ್ನು ಅದಲುಬದಲಾಗಿಸುತ್ತ ರೆಟಿನಾದ ವಿದ್ಯುತ್ ಸ್ಪಂದನ ಅಳೆಯುವ ಪರೀಕ್ಷೆಯೊಂದಿದೆ. ನರಪದರ ತೆಳುವಾಗಿದೆಯೆಂದು ಸ್ಕ್ಯಾನ್ ತೋರಿಸುವ ಮೊದಲೇ ಈ ಸ್ಪಂದನ ಕುಗ್ಗಬಹುದು. ಒತ್ತಡ ಇಳಿಸಿದರೆ ಕೆಲವರಲ್ಲಿ ಮತ್ತೆ ಚೇತರಿಸುತ್ತದೆ. ಸತ್ತ ಕೋಶ ಮಾತ್ರ ಮರಳುವುದಿಲ್ಲ. ಅಕ್ಷರ ಓದಿಸುವ ನಡುದೃಷ್ಟಿ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುವುದರಿಂದ ಫಲಕ ಓದಿದ್ದು ಪುರಾವೆಯಾಗದು. ಸುತ್ತಲಿನ ನೋಟ ಎಷ್ಟಿದೆಯೆಂದು ಅಳೆಯುವ ದೃಷ್ಟಿಕ್ಷೇತ್ರದ ಪರೀಕ್ಷೆಯಲ್ಲಿ ದೋಷ ಕಾಣುವ ಹೊತ್ತಿಗೆ ಕಾಲುಭಾಗಕ್ಕಿಂತ ಹೆಚ್ಚು ಕೋಶಗಳು ಹೋಗಿರಬಹುದು.

ಹಾಗೆಂದು ಸಂಖ್ಯೆಯೊಂದನ್ನೇ ನೋಡಿ ಹೆದರಬೇಕಿಲ್ಲ. ಒತ್ತಡ 24 ಇದ್ದೂ ವರ್ಷಗಟ್ಟಲೆ ನರ ಕೆಡದವರಿದ್ದಾರೆ, 16ರ ಒತ್ತಡದಲ್ಲೇ ನರ ಕಳೆದುಕೊಳ್ಳುವವರೂ ಇದ್ದಾರೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ದಪ್ಪವಿದ್ದರೆ ಯಂತ್ರವೂ ಹೆಚ್ಚು ತೋರಿಸುತ್ತದೆ.

ಹುಡುಗನ ಸ್ಟೀರಾಯ್ಡ್ ಬಿಡಿಸಿ, ಅಲರ್ಜಿಗೆ ಬೇರೆ ಹನಿಯನ್ನೂ ಒತ್ತಡ ಇಳಿಸುವ ಹನಿಯನ್ನೂ ಬರೆದುಕೊಟ್ಟೆ. ಕೆಲವು ವಾರಗಳಲ್ಲಿ ಒತ್ತಡ ಹತೋಟಿಗೆ ಬಂತು. ಮನೆಯಲ್ಲಿರುವ ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂದಿದ್ದರೆ ಅದನ್ನು ಹಿಡಿದುಕೊಂಡೇ ಕಣ್ಣಿನ ವೈದ್ಯರ ಬಳಿ ಹೋಗಿ ಒತ್ತಡ ಅಳೆಯಿಸಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಅದನ್ನೂ ತಿಳಿಸಿ. ಅಂಥ ಮನೆತನದವರಲ್ಲಿ ಸ್ಟೀರಾಯ್ಡಿಗೆ ಒತ್ತಡ ಏರುವ ಸಾಧ್ಯತೆ ಹೆಚ್ಚು.