ಬೋರ್ ಕೊರೆಸದೆ ನೆಲದೊಳಗಿನ ನೀರಿನ ಏರಿಳಿತ ತಿಳಿಯುತ್ತಾ?

ನಾಗಮಂಗಲ ಕಡೆಯ ಓದುಗರೊಬ್ಬರ ಪ್ರಶ್ನೆ: "ಭೂಕಂಪ ಅಳೆಯುವ ಯಂತ್ರದಿಂದ ಅಂತರ್ಜಲ ಏರಿದ್ದು, ಇಳಿದಿದ್ದು ಗೊತ್ತಾಗುತ್ತದಂತೆ, ನಿಜವಾ? ಹಾಗಿದ್ದರೆ ನಮ್ಮ ಹೊಲಕ್ಕೂ ಬೋರ್ ಪಾಯಿಂಟ್ ಮಾಡಿಕೊಡ್ತಾರಾ?"

ಮೊದಲನೆಯದು ನಿಜ. ಪಾಯಿಂಟ್ ಮಾತ್ರ ಇದರಿಂದ ಆಗುವುದಿಲ್ಲ.

ಮದ್ದೂರಿನಲ್ಲಿ ಎಳನೀರು ಮಾರುವವರನ್ನು ನೋಡಿ. ಕಾಯಿಯನ್ನು ಬೆರಳಲ್ಲಿ ತಟ್ಟಿ, ನೀರೋ ಗಂಜಿಯೋ ಎಂದು ಕೆತ್ತುವ ಮೊದಲೇ ಹೇಳುತ್ತಾರೆ. ಒಳಗೆ ಇರುವುದು ಬದಲಾದರೆ ಸದ್ದೂ ಬದಲಾಗುತ್ತದೆ. ನೆಲದ ವಿಷಯವೂ ಹಾಗೇ.

ಕಷ್ಟ ಏನೆಂದರೆ, ನಮ್ಮ ಅಂತರ್ಜಲ ಕೆರೆಯ ಹಾಗೆ ಒಂದು ಕಡೆ ನಿಂತಿಲ್ಲ. ಮಂಡ್ಯ, ಮೈಸೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಇರುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಪಕ್ಕದ ಹೊಲದಲ್ಲಿ ನೀರು ಚಿಮ್ಮಿ ನಿಮ್ಮಲ್ಲಿ ಬರೀ ಧೂಳು ಬರುವುದು ಇದಕ್ಕೇ. ಬಿರುಕಿನ ನೀರು ಏರಿಳಿದಾಗ ಕಂಪನದ ಅಲೆಯ ವೇಗ ಬದಲಾಗುವುದು ಸಾವಿರಕ್ಕೆ ಒಂದು ಪಾಲಿನಷ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ನೇರವಾಗಿ ಬಂದು ಮುಟ್ಟುವ ಅಲೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದು ಬಹಳ ಕಷ್ಟ.

ಇಲ್ಲಿ ನೆರವಿಗೆ ಬರುವುದು ಚದುರಿದ ಅಲೆಗಳು. ನೆಲ ಅದುರಿದಾಗ ಯಂತ್ರದ ಗೆರೆ ಮೊದಲು ಜೋರಾಗಿ ಜಿಗಿಯುತ್ತದೆ. ಆಮೇಲೆ ತುಂಬ ಹೊತ್ತು ಸಣ್ಣಗೆ, ಗೋಜಲು ಗೋಜಲಾಗಿ ನಡುಗುತ್ತಿರುತ್ತದೆ. ಆ ಬಾಲಕ್ಕೆ 'ಕೋಡಾ' ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಆ ಪದದ ಅರ್ಥವೂ ಬಾಲವೇ. ಇದು ಬಿರುಕಿಗೆ, ಬಂಡೆಗೆ ಬಡಿದು ಚದುರಿ, ಸುತ್ತಿ ಬಳಸಿ ತಡವಾಗಿ ಬಂದ ಅಲೆಗಳ ಗುಂಪು ಎಂದು ಜಪಾನ್ ಮೂಲದ ವಿಜ್ಞಾನಿ ಕೇಯಿಚಿ ಅಕಿ 1969ರಲ್ಲಿ ವಿವರಿಸಿದರು.

ಸುತ್ತಾಡಿದ್ದೇ ಇದರ ಲಾಭ. ದಿನಕ್ಕೆ ಎರಡು ಸೆಕೆಂಡ್ ಹಿಂದೆ ಬೀಳುವ ಗಡಿಯಾರ ಒಂದು ದಿನದಲ್ಲಿ ಸಿಕ್ಕಿಬೀಳುವುದಿಲ್ಲ, ತಿಂಗಳಾದರೆ ಒಂದು ನಿಮಿಷ ತಪ್ಪು ತೋರಿಸುತ್ತದೆ. ಅದೇ ರೀತಿ, ವೇಗ ಸಾವಿರಕ್ಕೆ ಒಂದು ಪಾಲು ಕಡಿಮೆಯಾದರೆ, ಒಂದು ಸೆಕೆಂಡಿಗೆ ಬರುವ ಅಲೆ ತಡವಾಗುವುದು ಸೆಕೆಂಡಿನ ಸಾವಿರದ ಒಂದು ಭಾಗ. ಮೂವತ್ತನೇ ಸೆಕೆಂಡಿಗೆ ಬರುವ ಅಲೆ ಅದರ ಮೂವತ್ತರಷ್ಟು ತಡವಾಗುತ್ತದೆ. 2002ರಲ್ಲಿ ಭೂಭೌತ ವಿಜ್ಞಾನಿ ರೂಲ್ ಸ್ನೀಡರ್ ಮತ್ತು ಜೊತೆಗಾರರು ಗ್ರಾನೈಟ್ ತುಂಡೊಂದನ್ನು ಬಿಸಿ ಮಾಡುತ್ತಾ, ಅದರೊಳಗಿನ ಅತಿ ಸಣ್ಣ ಬದಲಾವಣೆಯನ್ನು ಈ ಬಾಲದಿಂದಲೇ ಅಳೆದು ತೋರಿಸಿದರು.

ಇದಕ್ಕೆ ಭೂಕಂಪಕ್ಕಾಗಿ ಕಾಯಬೇಕಿಲ್ಲ, ಬಂಡೆ ಸಿಡಿಸಬೇಕಾಗಿಯೂ ಇಲ್ಲ. ಸಮುದ್ರದ ಅಲೆಗಳಿಂದ ನೆಲ ಸದಾ ಸಣ್ಣಗೆ ಅದುರುತ್ತಲೇ ಇರುತ್ತದೆ. ಹೆದ್ದಾರಿಯ ಲಾರಿ, ರೈಲು ಕೂಡ ನೆಲ ಅದುರಿಸುತ್ತವೆ. ಎರಡು ಕಡೆ ಯಂತ್ರ ಇಟ್ಟು, ದಿನದಿನದ ಈ ಅದುರಾಟವನ್ನು ಹೋಲಿಸಿದರೆ ಸಾಕು, ಅದರಲ್ಲೂ ಅಂಥದೇ ಬಾಲ ಸಿಗುತ್ತದೆ. ಇಂಡೋನೇಷ್ಯಾದ ಮೆರಾಪಿ ಜ್ವಾಲಾಮುಖಿಯಲ್ಲಿ ಹೀಗೆ ಕಂಡ ಏರಿಳಿತಕ್ಕೆ ಅಂತರ್ಜಲವೇ ಕಾರಣ ಎಂದು 2006ರಲ್ಲಿ ತೋರಿಸಲಾಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಗೇಬ್ರಿಯಲ್ ಕಣಿವೆಯ ಅಂತರ್ಜಲವನ್ನೂ ಇದೇ ದಾರಿಯಲ್ಲಿ ಹಿಂಬಾಲಿಸಿದರು.

ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ನೀರು ಹೆಚ್ಚಾದಾಗ ಅಲೆ ನಿಧಾನವಾಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಬೇಗ ಓಡುತ್ತದೆ! ನೀರಿನ ಒತ್ತಡ ಬಿರುಕಿನ ಗೋಡೆಗಳನ್ನು ಒಳಗಿನಿಂದ ತಳ್ಳಿ ಬಂಡೆಯ ಬಿಗಿ ಸಡಿಲಿಸುತ್ತದೆ. ನೀರು ಇಳಿದರೆ ಬಂಡೆ ಮತ್ತೆ ಬಿಗಿಯಾಗುತ್ತದೆ.

ಈಗ ಪಾಯಿಂಟ್ ವಿಷಯ. ಬಾಲದ ಅಲೆ ಊರೆಲ್ಲ ಸುತ್ತಿ ಬಂದಿರುತ್ತದೆ, ಹಾಗಾಗಿ ಅದು ಹೇಳುವುದು ಇಡೀ ಪ್ರದೇಶದ ಕಥೆ. ನಿಮ್ಮ ಹೊಲದ ಯಾವ ಮೂಲೆಯಲ್ಲಿ ಬಿರುಕಿದೆ ಎಂದು ಹೇಳದು. ಎಷ್ಟು ನೀರಿದೆ ಎಂದೂ ಹೇಳದು, ಮೊದಲಿಗಿಂತ ಏನು ಬದಲಾಯಿತು ಎಂದಷ್ಟೇ ಹೇಳುತ್ತದೆ. ಬಿಸಿಲಿನ ಏರಿಳಿತದಿಂದಲೂ ವೇಗ ಬದಲಾಗುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬೇಕು. ಪಾಯಿಂಟ್‌ಗೆ ನೆಲಕ್ಕೆ ಕರೆಂಟ್ ಹಾಯಿಸಿ ಪರೀಕ್ಷಿಸುವ ಭೂವಿಜ್ಞಾನಿಗಳನ್ನೇ ಕರೆಸಿ. ನಮ್ಮ ಮನೆಯವರು ಬೇವಿನ ಕಡ್ಡಿ ನಂಬಿ ಎರಡು ಬೋರ್ ಕೊರೆಸಿದರು. ಎರಡೂ ಫೇಲ್. ಆ ಸಾಲ ತೀರಲು ಎಷ್ಟು ವರ್ಷ ಬೇಕಾಯಿತು ಎಂದು ನನಗೆ ಗೊತ್ತು.

ಆದರೂ ಈ ವಿದ್ಯೆ ನಮ್ಮ ಕಡೆ ಬರಲೇಬೇಕು ಅನ್ನುತ್ತೇನೆ. ಕೆಆರ್‌ಎಸ್‌ನ 124.80 ಅಡಿಯಲ್ಲಿ ಇವತ್ತು ಎಷ್ಟು ತುಂಬಿದೆ ಎಂದು ಪೇಪರ್ ನೋಡಿದರೆ ಗೊತ್ತಾಗುತ್ತದೆ. ನಾಲೆ ಮುಟ್ಟದ ಹಳ್ಳಿಗಳು ನಂಬಿರುವ ನೀರಿನ ಲೆಕ್ಕ ಹಾಗೆ ದಿನಾ ಪೇಪರ್‌ನಲ್ಲಿ ಬರುವುದಿಲ್ಲ, ಅಲ್ವಾ? ನಿಮ್ಮೂರಲ್ಲಿ ಹಳೇ ಬಾವಿ ಇದ್ದರೆ ತಿಂಗಳಿಗೊಮ್ಮೆ ಹಗ್ಗ ಬಿಟ್ಟು ನೀರಿನ ಮಟ್ಟ ಬರೆದಿಡಿ. ಯಂತ್ರ ತೋರಿಸುವ ವೇಗವನ್ನು ಅಡಿಗಳ ಲೆಕ್ಕಕ್ಕೆ ತರಲು ಬೇಕಾಗುವುದು ಅಂಥ ಬಾವಿಯ ಅಳತೆಯೇ.